ಮಿಂಚು ಮರ್ಯಾದಸ್ಥನಾದದ್ದು

ಉತ್ತರ ಕ್ವೀನ್ಸ್‌ಲ್ಯಾಂಡಿನ ಕಬ್ಬಿನೂರು ಬಂಡಿಲ್ಲಾದಲ್ಲಿ ಒಬ್ಬ ಗಂಡಸನ್ನು ಅವನ ನಿಜವಾದ ಹೆಸರು ಹಿಡಿದು ಕರೆಯುವವರು ಮೂವರು: ಪೊಲೀಸಿನವರು, ಪಾದ್ರಿ, ಮತ್ತೆ ಗೋರಿಯ ಕಲ್ಲು ಕೆತ್ತುವವನು. ಮಿಕ್ಕವರಿಗೆಲ್ಲ ಅಡ್ಡಹೆಸರೇ ಸಾಕು. ಅಡ್ಡಹೆಸರಿಡುವುದಕ್ಕೂ ಅಲ್ಲೊಂದು ಕ್ರಮವಿದೆ. ಪಕ್ಕಕ್ಕೆ ತಿರುಗದೆ ಬಾಗಿಲು ದಾಟಲಾಗದ ರೊಕೋ ಜಪಾಲಾನ ಹೆಸರು ಗುಬ್ಬಿ. ತಲೆಗೆ ಬೆಂಕಿ ಬಿದ್ದಂತೆ ಕೆಂಪು ಕೂದಲಿರುವ ಕೀತ್‌ನ ಹೆಸರು ನೀಲಿ. ಸಕ್ಕರೆ ಗಿರಣಿಯ ಕಬ್ಬಿನ ರೈಲು ಓಡಿಸುತ್ತ, ಆ ರೈಲಿಗಿಂತ ನಿಧಾನವಾಗಿ ಬದುಕಿಕೊಂಡು ಬಂದ ಮರ್ವಿನ್ ಟ್ರೆಲೋರನ ಹೆಸರು ಮಿಂಚು.

ಈ ಊರಿನಲ್ಲಿ ಪ್ರೀತಿಯನ್ನು ಬೈಗುಳದ ರೂಪದಲ್ಲಿ ಮಾತ್ರ ವಿತರಿಸುತ್ತಾರೆ. ಮನುಷ್ಯ ಹತ್ತಿರದವನಾದಷ್ಟೂ ಬೈಗುಳ ಉದ್ದ. 'ಹೇಗಿದ್ದೀಯೋ' ಎಂದು ಕೇಳಿದರೆ 'ಇನ್ನೂ ಸತ್ತಿಲ್ಲ' ಎನ್ನಬೇಕು. ಅಷ್ಟು ಹೇಳಿದರೆ ಆರೋಗ್ಯ ಗಟ್ಟಿಯಾಗಿದೆ ಎಂದು ಅರ್ಥ. ಹಾವು ಕಚ್ಚಿಸಿಕೊಂಡವನು 'ಸ್ವಲ್ಪ ಅಷ್ಟಕ್ಕಷ್ಟೆ' ಎನ್ನುತ್ತಾನೆ. ತಕ್ಷಣ ಆಂಬುಲೆನ್ಸ್ ಕರೆಸುತ್ತಾರೆ. 'ತುಂಬಾ ಚೆನ್ನಾಗಿದ್ದೇನೆ, ಕೇಳಿದ್ದಕ್ಕೆ ಧನ್ಯವಾದ' ಎಂದು ಅಲ್ಲಿ ಕೊನೆಯದಾಗಿ ಹೇಳಿದವನು ಮಾಂಸದಂಗಡಿಯ ಆಲ್ಫ್ ಮುದುಕ. ಆ ತಿಂಗಳು ಮುಗಿಯುವುದರೊಳಗೆ ಅವನನ್ನು ಮಣ್ಣು ಮಾಡಿದರು.

ಇಂಥ ಊರಿನಿಂದ ಮಿಂಚು ಅಕ್ಕನ ಮಗಳ ಮದುವೆಗೆಂದು ಅಡಿಲೇಡಿಗೆ ಹೋದ. ಹೋಗುವ ಮೊದಲು ಊರಿನ ಬೌಲಿಂಗ್ ಕ್ಲಬ್ಬಿನಲ್ಲಿ, 'ಹಾಗೇ ಏನೋ ಒಂದು ತೋರಿಸ್ಕೊಂಡು ಬರೋದಿದೆ' ಎಂದಿದ್ದ. ತೋರಿಸಬೇಕಾಗಿದ್ದದ್ದು ಎರಡು ದವಡೆ ಹಲ್ಲು. ಭಾವ ಹಲ್ಲಿನ ಡಾಕ್ಟರು. ಅದನ್ನು ಬಿಡಿಸಿ ಹೇಳುವುದು ಗಂಡಸುತನಕ್ಕೆ ಒಪ್ಪುವ ಮಾತಲ್ಲವೆಂದು ಅಷ್ಟಕ್ಕೇ ಬಿಟ್ಟಿದ್ದ.

ಅಡಿಲೇಡಿನ ಜನಕ್ಕೆ ತಮ್ಮ ಪೂರ್ವಜರು ಕೈದಿಗಳಾಗಿ ಬೇಡಿ ತೊಟ್ಟು ಬಂದವರಲ್ಲ, ಟಿಕೆಟ್ ಕೊಂಡು ಬಂದವರು ಎಂಬ ಹೆಮ್ಮೆ. ಮದುವೆಯ ಊಟದ ಹೊತ್ತಿನಲ್ಲಿ ವರನ ಅಪ್ಪನನ್ನು, ಆತ ನಿವೃತ್ತ ಬ್ಯಾಂಕ್ ಮ್ಯಾನೇಜರು, ಮಿಂಚುವಿಗೆ ಪರಿಚಯಿಸಿದರು. ಆತನ ಕೈ ಮೆತ್ತಗಿತ್ತು, ನಗು ಸಾಚಾ ಆಗಿತ್ತು. ಮಿಂಚುವಿಗೆ ಮನುಷ್ಯ ಹಿಡಿಸಿದ. ಬೆನ್ನಿಗೊಂದು ಬಾರಿಸಿ, "ಹೇಗಿದ್ದೀಯೋ, ಮುದಿ ಬಡ್ಡಿಮಗನೆ?" ಎಂದ.

ಪಿಟೀಲು ನುಡಿಸುತ್ತಿದ್ದ ಹುಡುಗಿಯೂ ನಿಲ್ಲಿಸಿಬಿಟ್ಟಳು. ಅಕ್ಕ ಥೆಲ್ಮಾ ಅವನನ್ನು ಮದುವೆ ಕೇಕಿನ ಮರೆಗೆ ಎಳೆದುಕೊಂಡು ಹೋದಳು.

"ಅವರನ್ನ ಹಾಗೆಲ್ಲ ಅನ್ನಬಾರ್ದು ಮರ್ವ್."

"ಯಾಕೆ? ಮನುಷ್ಯ ನಂಗೆ ಇಷ್ಟ ಆದ."

"ಇಷ್ಟ ಆದ್ರೆ, ನಿಮ್ಮನ್ನ ನೋಡಿ ಸಂತೋಷ ಆಯ್ತು ಅನ್ನು."

ಸಂತೋಷವಾದಾಗ ಸಂತೋಷವಾಯಿತು ಎನ್ನುವುದು ಮಿಂಚುವಿಗೆ ತೀರಾ ಹೊಸ ಪದ್ಧತಿ. ಆದರೆ ಅವಮಾನ ನಾಟಿತ್ತು. ಆಮೇಲಿನ ಎರಡು ವಾರ ಅವನು ಅಕ್ಕನ ಮನೆಯಲ್ಲಿ ನಾಲಿಗೆ ತಿದ್ದಿಕೊಂಡ. ಈಜುವ ಚಡ್ಡಿಗೆ ಅಲ್ಲಿ ಬೇರೆ ಹೆಸರು. ಬ್ರೆಡ್ಡಿನ ನಡುವೆ ಇಡುವ ಅಗ್ಗದ ಸಾಸೇಜಿಗೆ ಬೇರೆ ಹೆಸರು. ಬಿಯರಿನ ಗ್ಲಾಸಿಗೆ ಹೆಸರು ಅದೇ, ಬಿಯರು ಮಾತ್ರ ಕಡಿಮೆ. ಮೀನಿನಂಗಡಿಯಲ್ಲಿ ಆಲೂಗಡ್ಡೆ ಬಿಲ್ಲೆಗಳ ಬಜ್ಜಿ ಕರಿಯುತ್ತಿದ್ದರು. ಊರಿನ ಅಭ್ಯಾಸದಂತೆ "ಎರಡು ಸ್ಕ್ಯಾಲಪ್ ಕೊಡು" ಎಂದಾಗ ಅಂಗಡಿಯ ಹುಡುಗಿ ಅವನನ್ನು ಕನಿಕರದಿಂದ ನೋಡಿದಳು. "ಇಲ್ಲಿ ಫ್ರಿಟರ್ ಅಂತಾರೆ," ಎಂದು ಥೆಲ್ಮಾ ಕಿವಿಯಲ್ಲಿ ಹೇಳಿದಳು. ದಿನಾ ಸಂಜೆ ಕೇಳಿ ಕೇಳಿ ಕೊನೆಗೆ ಆ ಮಾತು ಅವನ ಬಾಯಲ್ಲಿ ನಿದ್ದೆಯಲ್ಲೂ ಬರುವಷ್ಟು ಸಲೀಸಾಯಿತು.

ಹೊಸ ಮದುವೆಯವರು ಪ್ರವಾಸಕ್ಕೆ ಹೊರಟಾಗ ಅವರ ನಾಯಿ ನೋಡಿಕೊಳ್ಳಲು ಮಿಂಚುವಿನ ಜೊತೆ ಬಂದಿದ್ದ ಹೆಂಡತಿ ಗ್ವೆಂಡಾ ಅಲ್ಲೇ ಉಳಿದಳು. ಅವನೊಬ್ಬನೇ ಹೊರಟ, ದವಡೆಯಲ್ಲಿ ಎರಡು ಹಲ್ಲು ಕಡಿಮೆಯಾಗಿ. ಬೇಗ ಬರಲೇಬೇಕಿತ್ತು. ಬಂಡಿಲ್ಲಾ ಬೌಲಿಂಗ್ ಕ್ಲಬ್ಬು ಕತ್ತರಿಸಿದ ಹುಲ್ಲಿನ ಮೇಲೆ ಮರದ ಚೆಂಡು ಉರುಳಿಸುವ ಆಟದಲ್ಲಿ ಜಿಲ್ಲಾ ಫೈನಲ್ ಮುಟ್ಟಿತ್ತು. ನಾಲ್ವರ ತಂಡದಲ್ಲಿ ಮೊದಲ ಚೆಂಡು ಉರುಳಿಸುವವನು ಮಿಂಚು. ಕ್ಲಬ್ಬು ಸೇರಿ ಇಪ್ಪತ್ತು ವರ್ಷವಾಗಿತ್ತು. ಫೈನಲ್ ಎಂಬುದನ್ನು ಅವನು ಬೇರೆ ಊರಿನವರು ಆಡುವುದನ್ನು ಮಾತ್ರ ನೋಡಿದ್ದ. ಈ ಒಂದು ಆಟ ಆಡಿಬಿಟ್ಟರೆ ತನ್ನ ಬಾಳಿನಲ್ಲಿ ಬಾಕಿ ಉಳಿಯುವುದು ಏನೂ ಇಲ್ಲ ಎಂದು ಗ್ವೆಂಡಾಗೆ ಹೇಳಿದ್ದ. "ಮನೆ ಸೂರು ಸೋರ್ತಿದೆ," ಎಂದು ಅವಳು ಉತ್ತರ ಕೊಟ್ಟಿದ್ದಳು.

ವಿಮಾನದಲ್ಲಿ ಕೂತು ಮಿಂಚು ಒಂದು ತೀರ್ಮಾನ ಮಾಡಿದ. ಇನ್ನು ಮುಂದೆ ತಾನು ಮರ್ಯಾದಸ್ಥ. ಊರಿನವರೂ ತನ್ನನ್ನು ನೋಡಿ ಕಲಿಯಲಿ.

ಅದೇ ಸಂಜೆ ಕ್ಲಬ್ಬಿಗೆ ಹೋದ. ಗುಬ್ಬಿ ತಂಡದ ನಾಯಕ; ಕೌಂಟರಿನ ಅರ್ಧಭಾಗ ಅವನೇ ಆಗಿ ಕೂತಿದ್ದ. ಪಕ್ಕದಲ್ಲಿ ನೀಲಿ. ಬಾಗಿಲು ತೆರೆದದ್ದೇ ಗುಬ್ಬಿ ರೂಢಿಯಂತೆ ಸ್ವಾಗತಿಸಿದ: "ಬಂದ ನೋಡ್ರೋ ಸೋಮಾರಿ ನನ್ಮಗ. ಹೇಗಿದ್ದೀಯೋ?"

ಮಿಂಚು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಮಸ್ಕಾರ ರೊಕೋ. ನಮಸ್ಕಾರ ಕೀತ್. ತುಂಬಾ ಚೆನ್ನಾಗಿದ್ದೇನೆ, ಕೇಳಿದ್ದಕ್ಕೆ ಧನ್ಯವಾದ."

ಬಾರಿನ ಶೆರಿಲ್ ಒರೆಸುತ್ತಿದ್ದ ಗ್ಲಾಸು ಒರೆಸುವುದನ್ನು ಬಿಟ್ಟಳು.

"ಶೆರಿಲ್, ನಿಮಗೆ ಬಿಡುವಾದಾಗ ಒಂದು ಬಿಯರ್ ಕೊಡ್ತೀರಾ? ಚಿಕ್ಕದು ಸಾಕು."

ಹಲ್ಲು ಕಿತ್ತ ಜಾಗ ಇನ್ನೂ ಜುಮ್ಮೆನ್ನುತ್ತಿತ್ತು. ಹಾಗಾಗಿ ಬಾಯಿಯ ಎಡ ಮೂಲೆಯಿಂದ, ಬೆಕ್ಕು ಹಾಲು ಕುಡಿಯುವ ಹಾಗೆ ಹೀರಿದ. ಅರ್ಧ ಗ್ಲಾಸು ಬಿಟ್ಟ. ಊಟಕ್ಕೆ ಏನೆಂದು ಕೇಳಿದರೆ ಬರೀ ಹಿಸುಕಿದ ಆಲೂಗಡ್ಡೆ ಎಂದ.

"ಗ್ವೆಂಡಾ?" ಎಂದು ನೀಲಿ ಮೆಲ್ಲಗೆ ಕೇಳಿದ.

"ಅವಳು ಅಲ್ಲೇ ಉಳಿದಿದ್ದಾಳೆ. ಸ್ವಲ್ಪ ಕೆಲಸ ಇದೆ."

ಗುಬ್ಬಿ ಸ್ಟೂಲಿನಿಂದ ಇಳಿದ. ಹಿಂದಿನ ಸಲ ಅವನು ಸ್ಟೂಲಿನಿಂದ ಇಳಿದದ್ದು ರಾಣಿ ತೀರಿಕೊಂಡ ಸುದ್ದಿ ಬಂದಾಗ. "ಇಲ್ಲಿ ಕೂತ್ಕೊಳ್ಳಿ ಮರ್ವಿನ್," ಎಂದು ತನ್ನ ಜಾಗ ಬಿಟ್ಟುಕೊಟ್ಟ.

ಎಷ್ಟು ಬೇಗ ಕಲಿತರು, ಎಂದು ಮಿಂಚು ಮನಸ್ಸಿನಲ್ಲೇ ಮೆಚ್ಚಿಕೊಂಡ. ಒಳ್ಳೆಯ ನಡತೆ ಅಂಟುರೋಗದ ಹಾಗೆ. ಯಾರಾದರೊಬ್ಬರು ಮೊದಲು ಹಚ್ಚಬೇಕು.

ಮಾರನೆಯ ದಿನ ಗಿರಣಿಯಲ್ಲಿಯೂ ಅದೇ ಕಥೆ. ಕಬ್ಬು ಅರೆಯುವ ಹಂಗಾಮು ಇನ್ನೂ ಶುರುವಾಗಿರಲಿಲ್ಲ. ಎಲ್ಲರೂ ಬಿಸಿಲಲ್ಲಿ ಕೂತು ಕಬ್ಬಿನ ರೈಲಿನ ಡಬ್ಬಿಗಳ ಗಾಲಿಗೆ ಗ್ರೀಸು ಹಚ್ಚುತ್ತಿದ್ದರು. ಫೋರ್‌ಮನ್ ಹೋರನ್, ಮನುಷ್ಯರ ಜೊತೆ ಕಿರುಚದೆ ಮಾತಾಡಿದ ದಾಖಲೆ ಇಲ್ಲದವನು, ಮಿಂಚುವಿನ ಹತ್ತಿರ ಬಂದು ಕೆಮ್ಮಿದ.

"ಮರ್ವಿನ್, ನೀವು ಒಳಗೆ ಫ್ಯಾನ್ ಕೆಳಗೆ ಕೂತ್ಕೊಳ್ಳಿ. ಏನಾದ್ರೂ ಎಣಿಸ್ತಾ ಇರಿ."

"ಏನು ಎಣಿಸಲಿ?"

"ನಿಮಗೆ ಏನು ಇಷ್ಟಾನೋ ಅದು."

ಮಿಂಚು ಇದನ್ನು ಬಡ್ತಿ ಎಂದು ತಿಳಿದು ಸಂಜೆಯವರೆಗೂ ನಟ್ಟುಗಳನ್ನು ಎಣಿಸಿದ. ಹೊರಗೆ ಅವನ ಪಾಲಿನ ಗಾಲಿಗಳಿಗೆ ನೀಲಿ ಗ್ರೀಸು ಹಚ್ಚುತ್ತಿದ್ದ. ಒಮ್ಮೆ ಅವನು ತೋಳಿನಿಂದ ಕಣ್ಣೊರೆಸಿಕೊಂಡಂತೆ ಕಂಡಿತು. ಬೆವರಿರಬೇಕು.

ಮನೆಗೆ ಬಂದರೆ ಬಾಗಿಲಲ್ಲಿ ಪಕ್ಕದ ಮನೆಯ ಈನಿಡ್, ಎರಡೂ ಕೈಯಲ್ಲಿ ಒಂದು ಬಿಸಿ ಬೋಗುಣಿ. ಒಳಗೆ ಕೋಳಿ, ಅಕ್ಕಿ, ಮೇಲೆ ಕೆನೆಗಟ್ಟಿದ ಚೀಸು. ಮುಚ್ಚಳದ ಮೇಲೆ ಅಂಟುಪಟ್ಟಿ ಹಾಕಿ 'ಈನಿಡ್' ಎಂದು ಬರೆದಿತ್ತು, ಪಾತ್ರೆ ವಾಪಸು ಬರಬೇಕಲ್ಲ.

"ಮೆತ್ತಗೆ ಬೇಯಿಸಿದ್ದೀನಿ," ಎಂದಳು. "ನಾಲ್ಕು ವರ್ಷದ ಹಿಂದೆ ನಿಮ್ಮ ಮಾವಿನ ಮರದ ಕೊಂಬೆ ಬಗ್ಗೆ ಕೌನ್ಸಿಲ್‌ಗೆ ದೂರು ಕೊಟ್ಟಿದ್ದು ನಾನೇ. ಮನಸ್ಸಲ್ಲಿ ಇಟ್ಕೋಬೇಡಿ ಮರ್ವಿನ್."

"ಛೆ, ಪರವಾಗಿಲ್ಲ ಈನಿಡ್. ನಿಮ್ಮಂಥ ನೆರೆಯವರು ಸಿಕ್ಕಿದ್ದು ನನ್ನ ಭಾಗ್ಯ."

ಈನಿಡ್ ಸೆರಗಿಲ್ಲದ ಕಾರಣ ಏಪ್ರನ್ನಿನಿಂದ ಮೂಗು ಒರೆಸಿಕೊಳ್ಳುತ್ತ ಹೋದಳು.

ವಾರವಿಡೀ ಬೋಗುಣಿಗಳು ಬಂದವು. ಫ್ರಿಜ್ಜಿನ ಬಾಗಿಲು ಮುಚ್ಚಲು ಕುರ್ಚಿ ಆನಿಸಿಡಬೇಕಾಯಿತು. ಶುಕ್ರವಾರ ಕ್ಲಬ್ಬಿನಲ್ಲಿ ಮಾಂಸದ ತಟ್ಟೆಯ ಲಾಟರಿ ಎತ್ತಿದಾಗ, ಇಪ್ಪತ್ತು ವರ್ಷದಲ್ಲಿ ಒಂದು ಸಾಸೇಜನ್ನೂ ಗೆಲ್ಲದ ಮಿಂಚುವಿಗೆ ಮೊದಲ ಬಹುಮಾನ ಬಂತು. ಶೆರಿಲ್ ಡಬ್ಬಿಯೊಳಗೆ ಕೈಹಾಕಿ ತೆಗೆದದ್ದು ಹಸಿರು ಚೀಟಿ. ಮಿಂಚುವಿನ ಕೈಯಲ್ಲಿದ್ದದ್ದು ಗುಲಾಬಿ. ಅವಳು ಚೀಟಿಯನ್ನು ನೋಡದೆಯೇ ಅವನ ನಂಬರು ಓದಿದಳು. ಯಾರೂ ತಕರಾರು ಎತ್ತಲಿಲ್ಲ. ಹಸಿರು ಚೀಟಿಯ ಒಡೆಯ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ.

ಆಮೇಲೆ ಗುಬ್ಬಿ ಅವನನ್ನು ಮೂಲೆಗೆ ಕರೆದ. ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟ, ತೆಗೆದ, ಮತ್ತೆ ಇಟ್ಟ.

"ಮರ್ವಿನ್, ನಾಳಿದ್ದು ಫೈನಲ್. ನಿಮಗೆ ಅಂತ ನೆರಳಲ್ಲಿ ಕುರ್ಚಿ ಹಾಕಿಸಿದೀನಿ. ಮೆತ್ತೆ ಇರೋದು."

"ಆಟದ ನಡುವೆ ಕೂರೋಕಾ?"

"ನೋಡೋಕೆ. ನಿಮ್ಮ ಜಾಗಕ್ಕೆ ಕೀತ್ ಆಡ್ತಾನೆ. ಗೆದ್ರೆ ಕಪ್ ನಿಮ್ಮ ಹೆಸರಿಗೇ."

ಮರ್ಯಾದೆಯ ಬೆಲೆ ಏನೆಂದು ಮಿಂಚುವಿಗೆ ಆ ಕ್ಷಣ ಗೊತ್ತಾಯಿತು. ಮನೆಗೆ ಬಂದವನೇ ಅಡಿಲೇಡಿಗೆ ಫೋನು ಹಚ್ಚಿದ.

"ನಂಗೆ ಎಲ್ಲಾರೂ ಮರ್ಯಾದೆ ಕೊಡ್ತಿದಾರೆ ಗ್ವೆಂಡಾ. ಬಡ್ತಿ ಕೊಟ್ರು, ಮಾಂಸದ ತಟ್ಟೆ ಕೊಟ್ರು. ಟೀಮಿಂದ ಮಾತ್ರ ತೆಗೆದ್ರು. ಯಾಕೆ ಅಂತ ಗೊತ್ತಾಗ್ತಿಲ್ಲ."

ಆ ಕಡೆ ನಾಯಿಯೊಂದು ಬೊಗಳಿತು. ಗ್ವೆಂಡಾ ಕೇಳಿದಳು: "ಮನೆಗೆ ಬೋಗುಣಿ ಬರ್ತಾ ಇದಾವಾ?"

"ಫ್ರಿಜ್ ಮುಚ್ತಾ ಇಲ್ಲ."

"ಈನಿಡ್ ಕೊಟ್ಟಳಾ?"

"ಮೊದಲು ಅವಳೇ. ಮಾವಿನ ಮರದ ವಿಷಯಕ್ಕೆ ಕ್ಷಮಾಪಣೇನೂ ಕೇಳಿದ್ಲು."

"ಅಯ್ಯೋ ಪೆದ್ದು ಮುಂಡೇದೆ. ನೀನು ಸಾಯ್ತಾ ಇದ್ದೀಯ ಅಂತ ತಿಳ್ಕೊಂಡಿದಾರೆ. ಬೇರೆ ಯಾವುದಕ್ಕೂ ಈನಿಡ್ ಒಲೆ ಹಚ್ಚಲ್ಲ. ಫೋನ್ ಇಡು, ಗುಬ್ಬಿಗೆ ನಾನೇ ಹೇಳ್ತೀನಿ."

ಅವಳು ಹೇಳಿದಳು ಕೂಡ. ಕ್ಲಬ್ಬಿನ ಫೋನಿನಲ್ಲಿ ಗುಬ್ಬಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ. ಅವನಿಗೆ ಏನೂ ಆಗಿಲ್ಲ, ಬರೀ ಎರಡು ಹಲ್ಲು, ಆಮೇಲೆ ಅಕ್ಕನ ಮನೆಯಲ್ಲಿ ಕಲಿತ ಹೊಸ ಚಾಳಿ. "ಸರಿ ಗ್ವೆಂಡಾ. ಆಯ್ತು ಗ್ವೆಂಡಾ," ಎಂದ. ಫೋನು ಇಟ್ಟು, ಕಾದು ನಿಂತವರ ಕಡೆಗೆ ತಿರುಗಿದ.

"ಪಾಪ, ಅವಳಿಗೂ ಹೇಳಿಲ್ಲ."

ಮಾರನೆಯ ದಿನ ಮಿಂಚು ಮರ್ಯಾದೆ ಬಿಟ್ಟುಬಿಡಲು ನಿರ್ಧರಿಸಿ ಕ್ಲಬ್ಬಿಗೆ ಹೋದ. ಬಾಗಿಲಲ್ಲೇ ನಿಂತು, ಇರುವ ದನಿಯನ್ನೆಲ್ಲ ಸೇರಿಸಿ ಕೂಗಿದ: "ಲೇ ಬಡ್ಡಿಮಕ್ಕಳಾ, ನಂಗೇನೂ ಆಗಿಲ್ಲ ಕಣ್ರೋ. ಗುಬ್ಬಿ, ನಿನ್ನ ಕುರ್ಚಿ ನೀನೇ ಇಟ್ಕೊಳೋ, ಎಮ್ಮೆ ನನ್ಮಗನೆ. ನಾನು ಆಡ್ತೀನಿ."

ಸೋಡಾ ಕುಡಿಯುತ್ತಿದ್ದ ಪಾದ್ರಿ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟರು. "ಕೋಪ ಬರುತ್ತೆ ಮರ್ವಿನ್. ಸಾವನ್ನ ಒಪ್ಪಿಕೊಳ್ಳೋದರಲ್ಲಿ ಅದೂ ಒಂದು ಹಂತ. ಹೊರಗೆ ಹಾಕಿಬಿಡಿ."

"ಹಂತಾನೂ ಇಲ್ಲ, ಮಣ್ಣೂ ಇಲ್ಲ. ನಾನು ಆರೋಗ್ಯವಾಗಿದ್ದೀನಿ."

"ಏನೂ ಆಗಿಲ್ಲ ಅನ್ನೋದು ಅದಕ್ಕೂ ಮುಂಚಿನ ಹಂತ," ಎಂದರು ಪಾದ್ರಿ ಇನ್ನೂ ಮೆತ್ತಗೆ.

ಗುಬ್ಬಿ ಬಂದು ಅವನನ್ನು ಅಪ್ಪಿಕೊಂಡ. "ನನ್ನನ್ನ ಎಮ್ಮೆ ಅಂದ್ರಲ್ಲ, ಎಷ್ಟು ದಿನ ಆಗಿತ್ತು ಕೇಳಿ," ಎಂದು ಅತ್ತುಬಿಟ್ಟ. ಆ ಅಪ್ಪುಗೆಯಲ್ಲಿ ಮಿಂಚುವಿನ ಮಿಕ್ಕ ಮಾತುಗಳು ಉಸಿರಿಲ್ಲದೆ ಸತ್ತವು. ಸತ್ಯ ಹೇಳಿದರೆ ನಂಬುವುದಿಲ್ಲ, ಬೈದರೆ ಅಳುತ್ತಾರೆ. ಇಂಥ ಜನರ ನಡುವೆ ಬದುಕಿರುವುದನ್ನು ಸಾಬೀತು ಮಾಡುವುದು ಹೇಗೆ?

ಫೈನಲ್ಲಿನ ದಿನ ಎದುರಾಳಿ ಕರ್ರಾಬೀನ್ ಊರಿನವರು ಬಸ್ಸಿನಲ್ಲಿ ಬಂದಿಳಿದರು. ಜಿಲ್ಲೆಯ ಅಂಪೈರು ಬಿಳಿ ಟೋಪಿ ಹಾಕಿಕೊಂಡು ಬಂದ, ಯಾವ ಊರಿಗೂ ಸೇರದ ಮುಖದ ಮನುಷ್ಯ. ಮಿಂಚು ಬೆಳಿಗ್ಗೆಯೇ ಈನಿಡ್‌ಳ ಬೋಗುಣಿಯನ್ನು ತೊಳೆದು ಅವಳಿಗೆ ಮುಟ್ಟಿಸಿ, ತಂಡದ ಅಂಗಿ ತೊಟ್ಟುಕೊಂಡೇ ಬಂದಿದ್ದ. ಅವನನ್ನು ಮೆತ್ತೆಯ ಕುರ್ಚಿಯಲ್ಲಿ ಕೂರಿಸಿ, ಮೊಣಕಾಲ ಮೇಲೆ ಕಂಬಳಿ ಹೊದಿಸಿದರು. ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಕಂಬಳಿ ಹೊದಿಸುವುದು ಕೊಲೆಯ ಯತ್ನಕ್ಕೆ ಸಮ. ಅವನು ಬೆವರಿದಷ್ಟೂ ನೋಡಿದವರ ಮುಖ ಬಾಡಿತು.

ನೀಲಿ ಹೇಗಾಡಿದನೆಂದರೆ, ಅವನ ಮೊದಲ ಚೆಂಡು ಪಕ್ಕದ ಅಂಕಣದಲ್ಲಿ ಹೋಗಿ ನಿಂತಿತು. ಎರಡನೆಯದು ಮೋರಿಗೆ ಬಿತ್ತು. ಅರ್ಧ ಆಟ ಮುಗಿಯುವುದರೊಳಗೆ ಬಂಡಿಲ್ಲಾ ಹಿಂದೆ ಬಿದ್ದಿತ್ತು. ಕರ್ರಾಬೀನಿನವರು ಸೌಜನ್ಯದಿಂದ ಏನೂ ಹೇಳಲಿಲ್ಲ. ಅದು ಇನ್ನೂ ಹೆಚ್ಚು ಉರಿಯಿತು.

ಚಹಾದ ವಿರಾಮದಲ್ಲಿ ಶೆರಿಲ್ ತಿಂಡಿಯ ಕಿಟಕಿ ತೆರೆದಳು. ಗುಬ್ಬಿ ಸೋಲಿನ ಬೇಗೆಯಲ್ಲೂ ಕರ್ತವ್ಯ ಮರೆಯದೆ ಮಿಂಚುವಿನ ಕುರ್ಚಿಯ ಬಳಿ ಬಗ್ಗಿದ.

"ಏನು ತರಲಿ ಮರ್ವಿನ್? ಏನು ಬೇಕಾದ್ರೂ ಕೇಳಿ."

ಮಿಂಚುವಿನ ಕಣ್ಣು ಹುಲ್ಲಿನ ಮೇಲಿತ್ತು. ನೀಲಿ ಹಾಳು ಮಾಡಿದ ಒಂದೊಂದು ಚೆಂಡನ್ನೂ ಅವನು ಮನಸ್ಸಿನಲ್ಲಿ ಮತ್ತೆ ಉರುಳಿಸುತ್ತಿದ್ದ. ಎತ್ತಲೋ ನೋಡುತ್ತ, ಎರಡು ವಾರದ ಅಭ್ಯಾಸಬಲದಿಂದ ಹೇಳಿದ: "ಎರಡು ಫ್ರಿಟರ್."

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ವಿಕ್ಟೋರಿಯಾ ರಾಜ್ಯದಿಂದ ಬಂದ ಮೇಷ್ಟರೊಬ್ಬರು ಇದೇ ಕಿಟಕಿಯಲ್ಲಿ ಇದೇ ಬಜ್ಜಿಯನ್ನು 'ಪೊಟ್ಯಾಟೊ ಕೇಕ್' ಎಂದು ಕೇಳಿದರು. ಒಳ್ಳೆಯ ಮೇಷ್ಟರು, ಮಕ್ಕಳಿಗೆ ಅಚ್ಚುಮೆಚ್ಚು. ಆ ವರ್ಷವೇ ವರ್ಗ ಮಾಡಿಸಿಕೊಂಡು ಹೋದರು. ದೇವರ ವಿಷಯದಲ್ಲಿ ಬಂಡಿಲ್ಲಾದಲ್ಲಿ ನಾಲ್ಕು ಪಂಗಡಗಳಿವೆ, ರಾಜಕೀಯದಲ್ಲಿ ಐದು. ಆಲೂಗಡ್ಡೆಯ ವಿಷಯದಲ್ಲಿ ಒಂದೇ.

ಗುಬ್ಬಿ ಬಗ್ಗಿದವನು ನಿಧಾನವಾಗಿ ನೆಟ್ಟಗಾದ.

"ಏನಂದ್ರಿ?"

"ಎರಡು ಫ್ರಿಟರ್. ಉಪ್ಪು ಜಾಸ್ತಿ ಹಾಕಿ."

ಗುಬ್ಬಿಯ ಕತ್ತಿನಿಂದ ಕೆಂಪು ಮೇಲಕ್ಕೆ ಏರಿತು. ವಾರದ ಕನಿಕರ, ಅಪ್ಪುಗೆ, ಮೆತ್ತೆ, ಕಂಬಳಿ ಎಲ್ಲವೂ ಆ ಕೆಂಪಿನಲ್ಲಿ ಮುಳುಗಿದವು.

"ಸ್ಕ್ಯಾಲಪ್ ಅನ್ನೋ, ಬಡ್ಡಿಮಗನೆ. ಹುಟ್ಟಿದ ಊರಿನ ಬಜ್ಜಿಗೆ ಅಡಿಲೇಡ್ ಹೆಸರಿಡ್ತೀಯಾ? ಸಾಯೋನಾದ್ರೆ ಊರಿನವನಾಗಿ ಸಾಯಿ. ಹದಿನೈದು ದಿನ ಆಚೆ ಹೋಗಿ ಬಂದ ಮಾತ್ರಕ್ಕೆ ಬಾಯಿ ತೊಳೆಸ್ಕೊಂಡು ಬಂದಿದಾನೆ ನೋಡ್ರೋ, ದರಿದ್ರ ನನ್ಮಗ, ಮಿಂಚು."

ಪಾದ್ರಿ ಚಹಾದ ಬಟ್ಟಲಿನೊಳಗೆ ನೋಡಿಕೊಂಡರು. ಮಿಂಚು ಮಾತ್ರ ಬಾಯಿ ತೆರೆದು ಗುಬ್ಬಿಯನ್ನೇ ನೋಡುತ್ತಿದ್ದ.

"ಏನಂದೆ? ಇನ್ನೊಂದ್ಸಲ ಅನ್ನು."

"ದರಿದ್ರ ನನ್ಮಗ ಅಂದೆ. ಬೇಕಾದ್ರೆ ಬರೆದು ಕೊಡ್ತೀನಿ."

"ಮಿಂಚು ಅಂದ್ಯಲ್ಲ."

"ಅಂದೆ. ಏನಿವಾಗ?"

ಮಿಂಚು ಕಂಬಳಿ ಕಿತ್ತೆಸೆದ. "ಎರಡು ಹಲ್ಲು ಕಣೋ, ಕೊಬ್ಬಿದ ಎಮ್ಮೆ. ನೋಡು." ಬಾಯಿ ಅಗಲಿಸಿ ಬೆರಳಿಟ್ಟು ತೋರಿಸಿದ. ಗುಬ್ಬಿ ಬಗ್ಗಿ ಒಳಗೆ ನೋಡಿದ. ಶೆರಿಲ್ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ನೋಡಿದಳು. ನೀಲಿ ಬಂದು ಎರಡೂ ಕುಳಿಗಳನ್ನು ನೋಡಿ ಖಚಿತಪಡಿಸಿದ. ಕಣ್ಣೊರೆಸಿಕೊಂಡು ಗಾಲಿಗಳಿಗೆ ಗ್ರೀಸು ಹಚ್ಚಿದ್ದು ಅವನಿಗೆ ನೆನಪಾಗಿರಬೇಕು. ಮಿಂಚುವಿನ ಅಪ್ಪನಿಂದ ಹಿಡಿದು ಮೂರು ತಲೆಮಾರನ್ನು ಒಂದೇ ಉಸಿರಿನಲ್ಲಿ ಬೈದ.

"ಇಷ್ಟಕ್ಕಾ ನಾವು ಕೋಳಿ ಬೇಯಿಸಿದ್ದು?" ಎಂದಳು ಶೆರಿಲ್.

"ಮಾಂಸದ ತಟ್ಟೆ ವಾಪಸ್ ಕೊಡು," ಎಂದ ಹಸಿರು ಚೀಟಿಯವನು.

"ಹಾಗಾದ್ರೆ ನಾನು ಆಡಬಹುದಾ?" ಎಂದ ಮಿಂಚು.

ಅಲ್ಲೊಂದು ತೊಡಕಿತ್ತು. ಆಟ ಶುರುವಾದ ಮೇಲೆ ಆಟಗಾರನನ್ನು ಸುಮ್ಮನೆ ಬದಲಿಸುವಂತಿಲ್ಲ. ಆಡುತ್ತಿರುವವನಿಗೆ ಕಾಯಿಲೆಯಾಗಬೇಕು, ಅದನ್ನು ಅಂಪೈರು ಕಣ್ಣಾರೆ ನೋಡಿ ಒಪ್ಪಬೇಕು. ಗುಬ್ಬಿ ನೀಲಿಯ ಕಡೆ ನೋಡಿದ. ನೀಲಿ ಎತ್ತಿನಂಥ ಗಂಡಸು. ಜ್ವರ ಬಂದ ನೆನಪೂ ಅವನಿಗಿಲ್ಲ. ಹೊಟ್ಟೆ ಹಿಡಿದುಕೊಂಡು ನರಳಿದರೆ ಜಿಲ್ಲೆಯಲ್ಲಿ ಯಾವ ಅಂಪೈರೂ ನಂಬುವುದಿಲ್ಲ, ಏಕೆಂದರೆ ಈ ಕಡೆ ನಿಜವಾಗಿ ನೋವಿದ್ದವನು ನರಳುವುದಿಲ್ಲ.

ಅಂಪೈರು ಬಂದ. ನೀಲಿಯನ್ನು ಮೇಲಿಂದ ಕೆಳಕ್ಕೆ ನೋಡಿದ. ಕರ್ರಾಬೀನಿನ ನಾಯಕ ಕೈಕಟ್ಟಿ ಪಕ್ಕದಲ್ಲಿ ನಿಂತ, ಮೋಸ ಹಿಡಿಯಲು ಸಿದ್ಧನಾಗಿ.

"ಏನಪ್ಪಾ, ಹೇಗಿದ್ದೀಯ?" ಎಂದು ಅಂಪೈರು ಕೇಳಿದ.

ನೀಲಿ ಒಂದು ಕ್ಷಣ ಮಿಂಚುವನ್ನು ನೋಡಿದ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ತುಂಬಾ ಚೆನ್ನಾಗಿದ್ದೇನೆ ಸರ್," ಎಂದ. "ಕೇಳಿದ್ದಕ್ಕೆ ಧನ್ಯವಾದ."

ಅಂಪೈರಿನ ಮುಖ ಬಿಳಿಚಿಕೊಂಡಿತು. ತಾನೂ ಟೋಪಿ ತೆಗೆದ. ಕರ್ರಾಬೀನಿನ ನಾಯಕ ಕಟ್ಟಿದ ಕೈ ಬಿಚ್ಚಿ, "ಅಯ್ಯೋ, ಕೂತ್ಕೊಳ್ಳಿ ಕೂತ್ಕೊಳ್ಳಿ," ಎಂದು ನೀಲಿಯ ರಟ್ಟೆ ಹಿಡಿದು ಮೆತ್ತೆಯ ಕುರ್ಚಿಗೆ ನಡೆಸಿಕೊಂಡು ಹೋದ. ಕಂಬಳಿಯನ್ನು ಅವನೇ ಹೊದಿಸಿದ. ಬದಲಿ ಆಟಗಾರನಿಗೆ ಆ ಕ್ಷಣವೇ ಒಪ್ಪಿಗೆ ಸಿಕ್ಕಿತು.

ಮಿಂಚು ಹುಲ್ಲಿನ ಮೇಲೆ ಕಾಲಿಟ್ಟ, ಚೆಂಡು ಕೈಗೆತ್ತಿಕೊಂಡ, ಇಪ್ಪತ್ತು ವರ್ಷ ಕಾದದ್ದನ್ನು ಉರುಳಿಸಿದ. ಬಂಡಿಲ್ಲಾ ಸೋತಿತು. ನೀಲಿ ಆಡುವಾಗ ಇದ್ದದ್ದಕ್ಕಿಂತ ಹೆಚ್ಚಿನ ಅಂತರದಿಂದ ಸೋತಿತು. ತಪ್ಪೆಲ್ಲ ಮಿಂಚುವಿನದೇ ಎಂದು ಊರು ಒಕ್ಕೊರಲಿನಿಂದ ತೀರ್ಪು ಕೊಟ್ಟು, ಕ್ಲಬ್ಬಿನ ಬಾಗಿಲು ಮುಚ್ಚುವವರೆಗೂ ಅವನನ್ನು ಸರದಿಯ ಮೇಲೆ ಬೈಯಿತು. ಅವನು ದೊಡ್ಡ ಗ್ಲಾಸು ಹಿಡಿದು, ಗುಬ್ಬಿಯ ಪಕ್ಕದ ಸ್ಟೂಲಿನಲ್ಲಿ ಕೂತು, ಒಂದೊಂದನ್ನೂ ತಲೆಯಾಡಿಸಿ ಸ್ವೀಕರಿಸಿದ. ಹೇಗಿದ್ದೀಯೋ ಎಂದು ಯಾರೋ ಕೇಳಿದರು.

"ಇನ್ನೂ ಸತ್ತಿಲ್ಲ," ಎಂದ.

ನೀಲಿ ಒಂಟಿ ಮನುಷ್ಯ. ಅವನು ಮನೆ ಮುಟ್ಟಿದಾಗ ಬಾಗಿಲ ಮುಂದೆ ಬಿಸಿ ಬೋಗುಣಿಯೊಂದು ಕೂತಿತ್ತು. ಮುಚ್ಚಳದ ಮೇಲೆ 'ಈನಿಡ್' ಎಂದು ಬರೆದಿತ್ತು. ಅವನು ಅಂಪೈರಿಗೆ ಉತ್ತರ ಕೊಟ್ಟಾಗ ಅವಳು ಚಹಾದ ಮೇಜಿನ ಹಿಂದೆ ನಿಂತು ಕೇಳಿಸಿಕೊಂಡಿದ್ದಳು.